‘ನಿಕ್ಷೇಪ’ವೆಂಬ ಮಾತು: ತೈಲೋದ್ಯಮದ ಪರಿಭಾಷೆಯ ಒಂದು ವಿಮರ್ಶೆ

ತೈಲ ಮತ್ತು ಸ್ವಾಭಾವಿಕ ಅನಿಲದ ಉದ್ಯಮದಲ್ಲಿ ಹಣ ತೊಡಗಿಸುವವರ ಉಪಯೋಗಕ್ಕಾಗಿ ಪಾರಿಭಾಷಿಕ ಪದಗಳ ಪಟ್ಟಿಗಳು ಬಹುವಾಗಿ ಪ್ರಚಾರದಲ್ಲಿವೆ. ಕಂಪೆನಿಗಳ ವಾರ್ಷಿಕ ವರದಿಗಳಲ್ಲಿಯೂ ಷೇರುಪೇಟೆಯ ಕೈಪಿಡಿಗಳಲ್ಲಿಯೂ ಇವನ್ನು ಕಾಣಬಹುದು. ಒಂದು ಪದಕ್ಕೆ ಒಂದು ಸಾಲಿನ ಅರ್ಥವನ್ನು ಕೊಟ್ಟು ಮುಂದೆ ಸಾಗುವುದು ಇವುಗಳ ಕ್ರಮ. ಚರಿತ್ರೆಯ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಆದರೆ ಪದವೊಂದು ಯಾವಾಗ, ಯಾರಿಂದ, ಯಾವ ಪ್ರಯೋಜನಕ್ಕಾಗಿ ಬಳಕೆಗೆ ಬಂದಿತೆಂಬುದನ್ನು ಬಿಟ್ಟು ಹೇಳಿದ ಅರ್ಥವು ಅರ್ಧ ಅರ್ಥವೇ ಸರಿ. ಶಾಸನವೊಂದನ್ನು ಓದುವಾಗ ನಾವು ಕೇಳುವ ಪ್ರಶ್ನೆಗಳನ್ನೇ ಈ ವರದಿಗಳಿಗೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಅಳತೆಯ ಮಾತನ್ನು ನೋಡೋಣ. ತೈಲವನ್ನು ಇಂದಿಗೂ ‘ಬ್ಯಾರೆಲ್’, ಅಂದರೆ ಪೀಪಾಯಿಯ ಲೆಕ್ಕದಲ್ಲಿ ಹೇಳುವುದು ರೂಢಿ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಟೈಟಸ್‌ವಿಲ್ಲಿನಲ್ಲಿ ಡ್ರೇಕನ ಬಾವಿಯಿಂದ ತೈಲ ಬಂದಾಗ ಅದನ್ನು ತುಂಬಲು ಕೈಗೆ ಸಿಕ್ಕಿದ ಮರದ ಪೀಪಾಯಿಗಳನ್ನೆಲ್ಲ ಉಪಯೋಗಿಸಿದರು. ಅಳತೆಯ ವಿಷಯದಲ್ಲಿ ಜಗಳಗಳು ಹುಟ್ಟಲು, 1866ರಲ್ಲಿ ಉತ್ಪಾದಕರು ಪ್ರತಿ 40 ಗ್ಯಾಲನ್ನಿಗೆ 2 ಗ್ಯಾಲನ್ನನ್ನು ಕೊಳ್ಳುವವನ ಪರವಾಗಿ ಬಿಟ್ಟುಕೊಡುವುದೆಂದು ಒಪ್ಪಿದರು. ಹೀಗೆ ಸ್ಥಿರವಾದ 42 ಗ್ಯಾಲನ್, ಎಂದರೆ ಸುಮಾರು 159 ಲೀಟರ್, ಈಗಲೂ ಲೋಕದ ಲೆಕ್ಕದಲ್ಲಿದೆ. ಮರದ ಪೀಪಾಯಿ ಮಾತ್ರ ಮರೆಯಾಗಿದೆ. ಈ ಉದ್ಯಮದ ಮಾತುಗಳು ಪ್ರಕೃತಿಯಿಂದ ಬಂದವಲ್ಲ, ಒಪ್ಪಂದದಿಂದ ಬಂದವು ಎಂಬುದಕ್ಕೆ ಇದು ನಿರಪಾಯಕರವಾದ ನಿದರ್ಶನ.

ಎಲ್ಲ ಒಪ್ಪಂದಗಳೂ ಇಷ್ಟು ನಿರಪಾಯಕರವಲ್ಲ. ಅನಿಲವನ್ನೂ ತೈಲವನ್ನೂ ಒಟ್ಟಿಗೆ ಕೂಡಿಸಿ ಹೇಳಲು ‘ತೈಲಸಮಾನ ಪೀಪಾಯಿ’ ಎಂಬ ಅಳತೆಯುಂಟು. ಅಮೆರಿಕದ ಕಂಪೆನಿಗಳು ಸಾಮಾನ್ಯವಾಗಿ 6,000 ಘನ ಅಡಿ ಅನಿಲವನ್ನು ಒಂದು ಪೀಪಾಯಿ ತೈಲಕ್ಕೆ ಸಮವೆಂದು ಎಣಿಸುತ್ತವೆ. ಈ ಸಮತ್ವವು ಉರಿದಾಗ ಹುಟ್ಟುವ ಶಾಖಕ್ಕೆ ಸಂಬಂಧಿಸಿದ್ದು, ಬೆಲೆಗೆ ಸಂಬಂಧಿಸಿದ್ದಲ್ಲ. 2012ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಪೀಪಾಯಿ ತೈಲಕ್ಕೆ 100 ಡಾಲರಿಗೂ ಮಿಗಿಲಾದ ಬೆಲೆಯಿದ್ದಾಗ, ಅದಕ್ಕೆ ‘ಸಮಾನ’ವಾದ ಅನಿಲದ ಬೆಲೆ ಸುಮಾರು 12 ಡಾಲರ್ ಮಾತ್ರ. ಹೀಗಿರಲಾಗಿ, ಅನಿಲವೇ ಹೆಚ್ಚಾಗಿರುವ ಕಂಪೆನಿಯೊಂದು ತನ್ನ ಸ್ವತ್ತನ್ನು ತೈಲಸಮಾನ ಪೀಪಾಯಿಗಳಲ್ಲಿ ಹೇಳಿದರೆ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೂ ಓದುಗನು ಮೋಸಹೋಗಬಹುದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ‘ರಿಸರ್ವ್ಸ್’ ಎಂಬುದನ್ನು ನಾವು ‘ನಿಕ್ಷೇಪ’ವೆನ್ನುತ್ತೇವೆ. ಪಟ್ಟಿಗಳಲ್ಲಿ ಇದಕ್ಕೆ ಭೂಮಿಯೊಳಗಿರುವ ತೈಲದ ಪ್ರಮಾಣವೆಂಬ ಅರ್ಥ ಕಂಡುಬರುವುದುಂಟು. ಇದು ಸರಿಯಲ್ಲ. ಭೂಮಿಯೊಳಗಿರುವುದರಲ್ಲಿ ಎಷ್ಟು ಭಾಗವನ್ನು ಇಂದಿನ ಸಾಧನಗಳಿಂದ ಲಾಭಕರವಾಗಿ ಹೊರತೆಗೆಯಬಹುದೋ ಅಷ್ಟು ಮಾತ್ರ ನಿಕ್ಷೇಪ. ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 1978ರಲ್ಲಿ ವಿಧಿಸಿದ ಲಕ್ಷಣದಂತೆ, ಆಗಿನ ಬೆಲೆಯಲ್ಲಿಯೂ ಆಗಿನ ಖರ್ಚಿನಲ್ಲಿಯೂ ತೆಗೆಯಬಹುದೆಂಬ ಯುಕ್ತವಾದ ನಿಶ್ಚಯವಿದ್ದರೆ ಮಾತ್ರ ಅದು ‘ರುಜುವಾತಾದ ನಿಕ್ಷೇಪ’. ವರ್ಷದ ಕೊನೆಯ ಒಂದೇ ದಿನದ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳುವ ಪದ್ಧತಿಯ ದೋಷ ಎದ್ದುಕಂಡ ಮೇಲೆ, 2008ರ ಡಿಸೆಂಬರಿನಲ್ಲಿ ಅಂಗೀಕೃತವಾದ ತಿದ್ದುಪಡಿಯು ಹನ್ನೆರಡು ತಿಂಗಳ ಮೊದಲ ದಿನಗಳ ಬೆಲೆಗಳ ಸರಾಸರಿಯನ್ನು ಗೊತ್ತುಮಾಡಿತು. ಆದುದರಿಂದ ನಿಕ್ಷೇಪವೆಂಬುದು ಕೇವಲ ಭೂಗರ್ಭದ ವಾರ್ತೆಯಲ್ಲ. ಬೆಲೆ, ಕಾನೂನು ಮತ್ತು ದಿನಾಂಕ ಇವು ಸೇರಿ ಆದ ಒಂದು ತೀರ್ಮಾನ.

ಕೆನಡಾದ ಆಲ್ಬರ್ಟ ಪ್ರಾಂತದ ಕರ್ಲ್ ಎಂಬಲ್ಲಿಯ ತೈಲಮರಳಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬೆಲೆಗಳು ಕುಸಿದಿದ್ದ ಕಾರಣ ಎಕ್ಸಾನ್‌ಮೊಬಿಲ್ ಕಂಪೆನಿಯು 2016ರ ಕೊನೆಯಲ್ಲಿ ಅಲ್ಲಿಯ ಸುಮಾರು 350 ಕೋಟಿ ಪೀಪಾಯಿಗಳನ್ನು ರುಜುವಾತಾದ ನಿಕ್ಷೇಪದಿಂದ ತೆಗೆದುಹಾಕಬೇಕಾಯಿತು. ಬೆಲೆ ಚೇತರಿಸಿಕೊಂಡ ಮೇಲೆ ಅದರ ಬಹುಪಾಲು ಲೆಕ್ಕಕ್ಕೆ ಮರಳಿ ಬಂದಿತು. ಆಲ್ಬರ್ಟದ ಮರಳು ಇದ್ದಲ್ಲಿಯೇ ಇತ್ತು. ಬದಲಾದುದು ಪೇಟೆ ಮಾತ್ರ.

ರಾಯಲ್ ಡಚ್ ಷೆಲ್ ಸಮೂಹದ ಪ್ರಕರಣ ಇದಕ್ಕಿಂತ ಗಂಭೀರವಾದುದು. 2004ರ ಜನವರಿ 9ರಂದು ಆ ಸಂಸ್ಥೆಯು ತನ್ನ ರುಜುವಾತಾದ ನಿಕ್ಷೇಪದಲ್ಲಿ 390 ಕೋಟಿ ತೈಲಸಮಾನ ಪೀಪಾಯಿಗಳು, ಎಂದರೆ ಸುಮಾರು ಐದರಲ್ಲೊಂದು ಭಾಗ, ಆ ವರ್ಗಕ್ಕೆ ಸೇರತಕ್ಕುವಲ್ಲವೆಂದು ಪ್ರಕಟಿಸಿತು. ಷೇರಿನ ಬೆಲೆ ಇಳಿಯಿತು. ಮಾರ್ಚಿಯಲ್ಲಿ ಅಧ್ಯಕ್ಷ ಫಿಲಿಪ್ ವಾಟ್ಸ್ ಪದವಿಯಿಂದ ನಿರ್ಗಮಿಸಿದನು. ಅದೇ ವರ್ಷ ಅಮೆರಿಕದಲ್ಲಿ 12 ಕೋಟಿ ಡಾಲರ್, ಬ್ರಿಟನ್ನಿನಲ್ಲಿ 1.7 ಕೋಟಿ ಪೌಂಡ್ ದಂಡ ಬಿದ್ದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಹೀಗೆ ವರ್ಗ ಬದಲಾದುದರಲ್ಲಿ ಆಸ್ಟ್ರೇಲಿಯದ ಗೋರ್ಗನ್ ಕ್ಷೇತ್ರದ ಅನಿಲವೂ ಸೇರಿತ್ತು. ಆ ಅನಿಲವು ಕಲ್ಪಿತವಲ್ಲ. ಆದರೆ ಅದನ್ನು ತೆಗೆಯುವ ಅಂತಿಮ ನಿರ್ಧಾರವಾದುದು 2009ರಲ್ಲಿ. ಮೊದಲ ಹಡಗು ಹೊರಟುದು 2016ರಲ್ಲಿ. ಷೇರುದಾರನು ಓದಿದ ವಾಕ್ಯದಲ್ಲಿ ತಪ್ಪಿದ್ದುದು ನಾಮಪದದಲ್ಲಲ್ಲ, ‘ರುಜುವಾತಾದ’ ಎಂಬ ವಿಶೇಷಣದಲ್ಲಿ. ಪಟ್ಟಿಗಳು ಸಾಮಾನ್ಯವಾಗಿ ಹಗುರವಾಗಿ ದಾಟಿಹೋಗುವುದು ಈ ವಿಶೇಷಣವನ್ನೇ.

ಪ್ರತಿಪಕ್ಷದ ಮಾತನ್ನೂ ಹೇಳಬೇಕು. ಈ ಲಕ್ಷಣವು ಅತಿ ಕಠಿನವಾದುದು, ನಿಜಸ್ಥಿತಿಯನ್ನು ಕಡಿಮೆ ಮಾಡಿ ತೋರಿಸುತ್ತದೆ ಎಂದು ಹಲವು ಎಂಜಿನಿಯರರ ವಾದ. ಪೆಟ್ರೋಲಿಯಮ್ ಎಂಜಿನಿಯರರ ಸಂಘವೇ ಮೊದಲಾದವು ಸೇರಿ 2007ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಮೂರು ಮೆಟ್ಟಿಲುಗಳಿವೆ. ಹೇಳಿದಷ್ಟಾದರೂ ದೊರೆಯುವ ಸಂಭವ ನೂರಕ್ಕೆ 90 ಇದ್ದರೆ ಅದು ರುಜುವಾತಾದುದು, ‘ಸಂಭಾವ್ಯ’ವನ್ನು ಕೂಡಿಸಿದರೆ ನೂರಕ್ಕೆ 50, ‘ಸಾಧ್ಯ’ವನ್ನೂ ಕೂಡಿಸಿದರೆ ನೂರಕ್ಕೆ 10. ವ್ಯಾಪಾರಕ್ಕೆ ಇನ್ನೂ ಒದಗದಿರುವುದು, ಕಂಡುಹಿಡಿಯದೆ ಇರುವುದು, ಇವು ನಿಕ್ಷೇಪವೇ ಅಲ್ಲ, ‘ಸಂಪನ್ಮೂಲ’ಗಳು ಮಾತ್ರ. ಈ ವಿಂಗಡಣೆ ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ಅದು ಅನಿಶ್ಚಯವನ್ನು ಮುಚ್ಚಿಡದೆ ಅಳೆದು ತೋರಿಸುತ್ತದೆ. ದೋಷವಿರುವುದು ವಿಂಗಡಣೆಯಲ್ಲಲ್ಲ, ಅದನ್ನು ಕೈಬಿಟ್ಟು ಒಟ್ಟು ಮೊತ್ತವನ್ನು ಮಾತ್ರ ಸಾರುವುದರಲ್ಲಿ.

ಕನ್ನಡದಲ್ಲಿ ಈ ದೋಷ ಇಮ್ಮಡಿಯಾಗಿದೆ. ರಿಸರ್ವ್ಸ್, ರಿಸೋರ್ಸಸ್, ಡಿಪಾಸಿಟ್ಸ್ ಮೂರಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ನಿಕ್ಷೇಪ’ವೆಂಬ ಒಂದೇ ಮಾತು ಬರುವುದುಂಟು. ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂದರೆ ಒಬ್ಬನು ನಂಬಿಕೆಯಿಂದ ಇನ್ನೊಬ್ಬನಲ್ಲಿ ಇಟ್ಟ ವಸ್ತು. ಇಟ್ಟಷ್ಟೇ ಮರಳಿ ದೊರೆಯತಕ್ಕುದು. ಈ ಸಂಸ್ಕಾರವಿರುವ ಓದುಗನಿಗೆ ತೈಲನಿಕ್ಷೇಪವೂ ಎಣಿಸಿಟ್ಟ ಗಂಟಿನಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ವಿಜಯನಗರ ಕಾಲದ ದಾನಶಾಸನಗಳು ಅಷ್ಟಭೋಗಗಳನ್ನು ಹೇಳುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಬೇರೆಬೇರೆಯಾಗಿ ಎಣಿಸುತ್ತವೆ. ಈಗಾಗಲೇ ಫಲ ಕೊಡುತ್ತಿರುವುದು ಸಿದ್ಧ. ಮುಂದೆ ಸಾಧಿಸಿಕೊಳ್ಳಬಹುದಾದುದು ಸಾಧ್ಯ. ಆ ಶಾಸನಗಳನ್ನು ಬರೆದವರಿಗೆ ತೈಲೋದ್ಯಮ ಗೊತ್ತಿತ್ತೆಂದು ನಾವು ಹೇಳುತ್ತಿಲ್ಲ. ಕೈಯಲ್ಲಿರುವುದಕ್ಕೂ ಬರಬಹುದಾದುದಕ್ಕೂ ಒಂದೇ ಹೆಸರು ಸಲ್ಲದೆಂಬ ವಿವೇಕ ನಮ್ಮ ಭಾಷೆಗೆ ಹೊಸದಲ್ಲವೆಂದಷ್ಟೇ ನಮ್ಮ ಸೂಚನೆ.

ಇದು ಬರಿಯ ಪದಚರ್ಚೆಯಲ್ಲ. ಕೃಷ್ಣಾ-ಗೋದಾವರಿ ಜಲಾನಯನದ ಸಮುದ್ರಭಾಗದಲ್ಲಿ 2002ರಲ್ಲಿ ಕಂಡ ಡಿ-6 ಕ್ಷೇತ್ರದಿಂದ ದಿನಕ್ಕೆ 8 ಕೋಟಿ ಘನಮೀಟರ್ ಅನಿಲ ಬರುವುದೆಂಬ ಯೋಜನೆಯಿತ್ತು. 2009ರ ಏಪ್ರಿಲಿನಲ್ಲಿ ಉತ್ಪಾದನೆ ಮೊದಲಾಯಿತು; ಆದರೆ ಆ ಮಟ್ಟವನ್ನು ಮುಟ್ಟದೆಯೇ 2010ರ ಅನಂತರ ಇಳಿಯುತ್ತ ಹೋಯಿತು. ಇದರ ಕಾರಣಗಳ ವಿಷಯದಲ್ಲಿ ಸರ್ಕಾರಕ್ಕೂ ಕಂಪೆನಿಗೂ ವಿವಾದವೆದ್ದಿತು. ಆ ಅನಿಲವನ್ನು ನಂಬಿ ಆಂಧ್ರದಲ್ಲಿ ಕಟ್ಟಿದ ವಿದ್ಯುತ್ ಸ್ಥಾವರಗಳು ಇಂಧನವಿಲ್ಲದೆ ನಿಂತವು. ಅಂದಾಜನ್ನು ಸಿದ್ಧವಸ್ತುವೆಂದು ಓದಿದರೆ ನಷ್ಟವು ಷೇರುದಾರನಲ್ಲಿಗೇ ನಿಲ್ಲುವುದಿಲ್ಲ.

ಆದಕಾರಣ ನಮ್ಮ ಸಲಹೆ ಇಷ್ಟು. ಕನ್ನಡದಲ್ಲಿ ‘ನಿಕ್ಷೇಪ’ವನ್ನು ವಿಶೇಷಣವಿಲ್ಲದೆ ಬಳಸಬಾರದು, ರುಜುವಾತಾದ, ಸಂಭಾವ್ಯ, ಸಾಧ್ಯ ಎಂಬುವುಗಳಲ್ಲಿ ಒಂದು ಅದರ ಮುಂದೆ ಬರಲೇಬೇಕು. ಉಳಿದುದನ್ನು ಸಂಪನ್ಮೂಲವೆಂದೇ ಕರೆಯುವುದು ಯುಕ್ತ. ವಿದ್ಯಾರ್ಥಿಗಳು ಇಂತಹ ವರದಿಯನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ವರ್ಗದ್ದು? ಯಾವ ದಿನದ, ಯಾವ ಬೆಲೆಯ ಲೆಕ್ಕ? ಇದರಲ್ಲಿ ಕಂಪೆನಿಯ ಪಾಲೆಷ್ಟು? ಈ ಮೂರಕ್ಕೂ ಉತ್ತರವಿಲ್ಲದ ಅಂಕೆಯನ್ನು, ಕಾಲವಿಲ್ಲದ ಶಾಸನದಂತೆ, ಎಚ್ಚರಿಕೆಯಿಂದ ಪಕ್ಕಕ್ಕಿಡುವುದೇ ಲೇಸು.