ಮೂರಕ್ಷರದ ದೊಡ್ಡ ಸಂಸಾರ

ಇಂಗ್ಲಿಷಿನ 'ರನ್' ಎಂಬ ಮಾತು ಬರೆಯುವುದಕ್ಕೆ ಮೂರೇ ಅಕ್ಷರ. ಅದರ ಸಂಸಾರ ಮಾತ್ರ ಬಲು ದೊಡ್ಡದು. ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದುದು 'ಸೆಟ್' ಎಂಬ ಕ್ರಿಯಾಪದ. ಮುಂದೆ ಅದನ್ನು ಪರಿಷ್ಕರಿಸುತ್ತ ಬಂದವರು 'ರನ್' ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಎಣಿಸಿದರೆಂಬುದು 2011ರಲ್ಲಿ ಸುದ್ದಿಯಾಯಿತು. ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಈ ಒಂದು ಮಾತಿಗೇ ಒಂಬತ್ತು ತಿಂಗಳು ಹಿಡಿಯಿತಂತೆ. ನವಮಾಸ ತುಂಬಿದ ಹೆರಿಗೆ ಎನ್ನಬೇಕು!

ಕಾಲಿನ ಓಟ, ನೀರಿನ ಹರಿವು ಇವೆರಡೂ ಈ ಮಾತಿನ ಹಳೆಯ ಅರ್ಥಗಳು. ಯಂತ್ರಯುಗ ಬಂದ ಮೇಲೆ ರೈಲು, ಗಿರಣಿ, ಕೊನೆಗೆ ಗಣಕಯಂತ್ರ ಎಲ್ಲವೂ ಇದರ ಆಶ್ರಯಕ್ಕೇ ಬಂದವು. ಅಂಗಡಿ, ಸುರಿಯುವ ಮೂಗು, ಕ್ರಿಕೆಟ್ಟಿನ ಲೆಕ್ಕ, ಇವಕ್ಕೂ ಇದೇ ಮಾತು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ಓಡು'ತ್ತಾನೆ. ಇಂಗ್ಲೆಂಡಿನವನು ನಮ್ಮವನಂತೆಯೇ 'ನಿಲ್ಲು'ತ್ತಾನೆ.

ಇಷ್ಟೆಲ್ಲ ಬಲ್ಲವನೆಂಬ ಜಂಬ ನನಗೂ ಇತ್ತು. ಒಮ್ಮೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಒಗೆದಾಗ ಬಟ್ಟೆಯ ಬಣ್ಣ 'ರನ್' ಆಯಿತೆಂಬ ವಾಕ್ಯವನ್ನು ಕನ್ನಡಕ್ಕೆ ತರಬೇಕಾಗಿತ್ತು. ಒಬ್ಬ ವಿದ್ಯಾರ್ಥಿನಿ 'ಬಣ್ಣ ಬಿಟ್ಟಿತು' ಎಂದು ಬರೆದಿದ್ದಳು. ಮೂಲದಲ್ಲಿ ಚಲನೆಯಿದೆ, ಇಲ್ಲಿ ಬಿಡುವ ಮಾತೇಕೆ ಎಂದು ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಬಣ್ಣ ಹರಿದು ಹರಡಿತು' ಎಂದು ಗೀಚಿ, ಒಂದು ಅಂಕ ಕಳೆದೆ.

ಮರುವಾರ ಬಚ್ಚಲ ಮನೆಯಿಂದ ತಾಯಿಯವರ ದನಿ ಕೇಳಿತು: "ಕೆಂಪು ಸೀರೆ ಬಣ್ಣ ಬಿಡುತ್ತೆ ಕಣೋ, ನಿನ್ನ ಬಿಳೀ ಪಂಚೆ ಬೇರೆ ತೆಗೆದಿಡು." ನಾನು ಕೂತಲ್ಲೇ ತಣ್ಣಗಾದೆ. ಅಂಕಪಟ್ಟಿ ಆಗಲೇ ಹೋಗಿಬಿಟ್ಟಿತ್ತು.

ನಮ್ಮ ಅನುವಾದಗಳ ದೊಡ್ಡ ದೋಷ ಇಲ್ಲಿಯೇ ಇದೆ. ಒಂದು ಮಾತಿಗೆ ಪ್ರತಿಯಾಗಿ ಇನ್ನೊಂದು ಮಾತನ್ನು ನಾವು ಇಡುತ್ತೇವೆ, ಸಂದರ್ಭಕ್ಕೆ ಕಿವಿಗೊಡುವುದಿಲ್ಲ. ಕನ್ನಡದಲ್ಲಿ ಅಂಗಡಿ ನಡೆಯುತ್ತದೆ, ಮೂಗು ಸುರಿಯುತ್ತದೆ, ಬಣ್ಣ ಬಿಡುತ್ತದೆ. ಹಾಗೆಂದು ಮಡಿವಂತಿಕೆಯೂ ಬೇಡ. ಚಲನಚಿತ್ರ ನೂರು ದಿನ ಓಡಿತೆಂದರೆ ಯಾರ ಕಿವಿಗೂ ಚುಚ್ಚುವುದಿಲ್ಲ. ಜನ ಒಪ್ಪಿದ ಮೇಲೆ ಅದು ಕನ್ನಡವೇ.

ಒಂದೇ ಮಾತಿಗೆ ಹಲವು ಅರ್ಥಗಳಿರುವುದು ಇಂಗ್ಲಿಷಿಗೆ ಮಾತ್ರ ಬಂದ ಭಾಗ್ಯವೂ ಅಲ್ಲ. ನಮ್ಮ 'ಹರಿ' ಎಂಬ ಧಾತುವನ್ನೇ ನೋಡಿ. ಹೊಳೆ ಹರಿಯುತ್ತದೆ, ಹಾವು ಹರಿಯುತ್ತದೆ, ಬಟ್ಟೆ ಹರಿಯುತ್ತದೆ. ಬೆಳಕು ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ಇವಿಷ್ಟನ್ನೂ ಇಂಗ್ಲಿಷಿನ ಒಂದೇ ಕ್ರಿಯಾಪದದಿಂದ ಹೇಳಹೊರಟವನ ಪಾಡೂ ನಮ್ಮ ಪಾಡಿನಂತೆಯೇ ಆದೀತು.

ನಿಘಂಟು ಅರ್ಥಗಳನ್ನು ಎಣಿಸಿಕೊಟ್ಟೀತು. ಎಲ್ಲಿ ಯಾವುದು ಸಲ್ಲುತ್ತದೆಂಬುದನ್ನು ಮನೆಮಾತಿನಿಂದಲೇ ಕಲಿಯಬೇಕು. ಆ ಹುಡುಗಿ ಅದನ್ನು ಕಲಿತಿದ್ದಳು. ಎರಡು ದಶಕ ಪಾಠ ಹೇಳಿದ ನನ್ನಿಂದ ಹರಿಯದ ಕೆಲಸ ಅವಳಿಂದ ಹರಿದಿತ್ತು. ಅಂಕ ಕಳೆಯಬೇಕಾದದ್ದು ನನ್ನದು.