ಯಾರ್ಡಿನಲ್ಲೇ ನಿಲ್ಲಲಿ ಗಾಡಿ

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಮೂಡಿಗೆರೆ, ಕಳಸದ ಕಡೆ ಹೊಸ ಪಿಕಪ್ ಬುಕ್ ಮಾಡಿದವರದು ಒಂದೇ ಮಾತು: ‘ದುಡ್ಡು ಕಟ್ಟಿಯಾಗಿದೆ, ಗಾಡಿ ಕೊಡಲಿ. ಗೇರ್‌ಬಾಕ್ಸಿಗೆ ಏನಾದರೂ ಆದರೆ ವಾರಂಟಿ ಇದ್ದೇ ಇದೆಯಲ್ಲ.’ ಗೇರ್‌ಬಾಕ್ಸ್ ಮೇಲೆ ಅನುಮಾನ ಬಂದು ಡೆಲಿವರಿ ನಿಂತರೆ ಅದು ಕಂಪನಿಯ ಅಸಡ್ಡೆ, ಇಲ್ಲವೇ ಡೀಲರನ ಸಬೂಬು ಎಂದೇ ಎಲ್ಲರ ತೀರ್ಮಾನ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಘಾಟಿಗಳಲ್ಲಿ ಓಡಬೇಕಾದ ಗಾಡಿ ಅನುಮಾನ ತೀರುವ ತನಕ ಯಾರ್ಡಿನಲ್ಲೇ ನಿಲ್ಲಬೇಕು.

ಮಲೆನಾಡಿನಲ್ಲಿ ಗೇರ್‌ಬಾಕ್ಸ್ ಅಂದರೆ ಅರ್ಧ ಬ್ರೇಕು. ಬೊಲೆರೊ ಪಿಕಪ್‌ನ 1.3 ಟನ್ ಮಾದರಿಗೆ 50 ಕಿಲೋದ 26 ಮೂಟೆ ತುಂಬಿಸಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಸುವ ಡ್ರೈವರ್ ಪೆಡಲನ್ನೇ ನಂಬಿ ಕೂರುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಇಲ್ಲಿ ಸ್ಟಿಯರಿಂಗ್ ಹಿಡಿಯುವವರು ಕಲಿಯುವ ಮೊದಲ ಪಾಠ. ಸೆಕೆಂಡ್ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ. ತಿರುವಿನ ನಡುವೆ ಗೇರ್ ಜಾರಿ ನ್ಯೂಟ್ರಲ್‌ಗೆ ಬಿದ್ದರೆ ಆ ಹಿಡಿತ ಹೋಯಿತು. ಅಷ್ಟೂ ಭಾರ ಬ್ರೇಕಿನ ಮೇಲೆ ಬರುತ್ತದೆ. ಡ್ರಮ್ ಕಾದು ಲೈನರ್ ಹಿಡಿಯದಾಗುತ್ತದೆ. ಆಗ ಮತ್ತೆ ಗೇರ್ ಹಾಕಲು ಎಷ್ಟು ತಡಕಾಡಿದರೂ ಓಟದಲ್ಲಿರುವ ಗಾಡಿಗೆ ಸೆಕೆಂಡ್ ಗೇರ್ ಸುಲಭಕ್ಕೆ ಬೀಳದು.

ಇದು ಬರೀ ಕಲ್ಪನೆಯ ಭಯವಲ್ಲ. 2022ರ ಜುಲೈ 30ರಂದು ಸ್ಕಾರ್ಪಿಯೊ-ಎನ್ ಬುಕಿಂಗ್ ತೆರೆದಾಗ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗ್ ಆಯಿತು. ‘ಗಾಡಿ ಯಾವಾಗ’ ಎಂಬ ಪ್ರಶ್ನೆ ದೇಶದ ಎಲ್ಲ ಶೋರೂಮುಗಳಲ್ಲೂ ಕೇಳುತ್ತಿತ್ತು. ಅದೇ ಡಿಸೆಂಬರಿನಲ್ಲಿ ಮಹೀಂದ್ರಾ 6,618 ಸ್ಕಾರ್ಪಿಯೊ-ಎನ್ ಮತ್ತು 12,566 ಎಕ್ಸ್‌ಯುವಿ700 ಗಾಡಿಗಳನ್ನು ಪರೀಕ್ಷೆಗೆ ವಾಪಸ್ ಕರೆಯಿತು. ಎಲ್ಲವೂ ಜುಲೈ 1ರಿಂದ ನವೆಂಬರ್ 11ರೊಳಗೆ ತಯಾರಾದ ಮ್ಯಾನ್ಯುಯಲ್ ಗೇರಿನವು. ಕ್ಲಚ್ ಇರುವ ಬೆಲ್ ಹೌಸಿಂಗ್ ಒಳಗಿನ ರಬ್ಬರ್ ಬೆಲ್ಲೋದ ಅಳತೆ ಸರಿಯಿಲ್ಲದಿರಬಹುದು, ಬಿಡಿಭಾಗ ಪೂರೈಸಿದವರು ವಿಂಗಡಿಸುವಾಗ ತಪ್ಪಾಗಿದೆ ಎಂದು ಕಂಪನಿಯೇ ಹೇಳಿತು. ಅದಕ್ಕೂ ಮುಂಚೆ, 2021ರಲ್ಲಿ, ಅದೇ ಕಂಪನಿಯ 29,878 ಪಿಕಪ್‌ಗಳನ್ನು ಫ್ಲೂಯಿಡ್ ಪೈಪ್ ಜೋಡಣೆಯ ಅನುಮಾನದ ಮೇಲೆ ವಾಪಸ್ ಕರೆಯಲಾಗಿತ್ತು. ಒಪ್ಪಿಕೊಂಡು ಕರೆದದ್ದು ಮೆಚ್ಚಬೇಕಾದದ್ದೇ. ಆದರೆ ಮನೆ ಸೇರಿದ ಗಾಡಿಯನ್ನು ಕರೆಸುವುದಕ್ಕಿಂತ ಯಾರ್ಡಿನಲ್ಲಿರುವಾಗಲೇ ತಡೆದು ನೋಡುವುದು ಎಷ್ಟೋ ವಾಸಿ.

ವಾರಂಟಿಯ ವಾದಕ್ಕೆ ಬರೋಣ. ವಾರಂಟಿ ಕೊಡುವುದು ಬಿಡಿಭಾಗವನ್ನು. ಹಿಂದೆ ಮೂಟೆಗಳ ಮೇಲೆ ಕೂತು ಲೈನ್ ಮನೆಗೆ ಹೊರಟ ಆಳುಗಳ ಜೀವಕ್ಕೆ ಅದರಲ್ಲಿ ಜಾಗವಿಲ್ಲ. ಪಿಕಪ್‌ನಲ್ಲಿ ಆಳು ಸಾಗಿಸುವುದು ಕಾನೂನಿಗೆ ವಿರುದ್ಧ, ಆದರೂ ಕೊಯ್ಲಿನ ಕಾಲದಲ್ಲಿ ನಡೆಯುತ್ತಲೇ ಇದೆ. ಇನ್ನೊಂದು ಮಾತು: ಹಳೆಯ ಜೀಪಿನ ಗೇರ್‌ಬಾಕ್ಸನ್ನು ಕಳಸದ ಮೆಕ್ಯಾನಿಕ್ಕೇ ಇಳಿಸಿ, ಬಿಚ್ಚಿ, ಜೋಡಿಸುತ್ತಿದ್ದರು. ಹೊಸ ಗಾಡಿಯನ್ನು ಹೊರಗೆ ಬಿಚ್ಚಿಸಿದರೆ ವಾರಂಟಿಯೇ ತಕರಾರಿಗೆ ಬೀಳುತ್ತದೆ. ಕೆಟ್ಟರೆ ಟೋ ಮಾಡಿಸಿಕೊಂಡು ಸುಮಾರು 90 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೇ ಹೋಗಬೇಕು.

ಹಾಗೆಂದು ಕಾಯುವವರ ಸಂಕಟ ಸಣ್ಣದಲ್ಲ. ಕೊಯ್ದ ಅರೇಬಿಕಾ ಹಣ್ಣು ಅದೇ ದಿನ ಪಲ್ಪರಿಗೆ ಬೀಳಬೇಕು. ಒಂದು ರಾತ್ರಿ ಚೀಲದಲ್ಲೇ ಉಳಿದರೆ ಹುಳಿ ಹಿಡಿದು ಪಾರ್ಚ್‌ಮೆಂಟಿನ ಗುಣ ಕೆಡುತ್ತದೆ. ಸ್ವಂತ ಪಲ್ಪರ್ ಇಲ್ಲದ ಸಣ್ಣ ಬೆಳೆಗಾರನಿಗೆ ಗಾಡಿ ಇಲ್ಲದ ಡಿಸೆಂಬರ್ ಎಂದರೆ ಕೇಳಿದಷ್ಟು ಬಾಡಿಗೆ ಕೊಡಬೇಕಾದ ಡಿಸೆಂಬರ್. ಸಾಲ ಮಂಜೂರಾಗಿ ಹಣ ಡೀಲರನಿಗೆ ಸಂದಾಯವಾಗಿದ್ದರೆ ಅದರ ಬಡ್ಡಿಯೂ ಅವನ ತಲೆಗೇ.

ಸಿಟ್ಟು ತಿರುಗಬೇಕಾದದ್ದು ಇಲ್ಲಿಗೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಂ, ದೋಷದ ಗಾಡಿಗಳನ್ನು ವಾಪಸ್ ಕರೆಸಿ ದುರಸ್ತಿ ಮಾಡಿಸುವ, ಬದಲಿಸಿಕೊಡುವ ಇಲ್ಲವೇ ಹಣ ಹಿಂದಿರುಗಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಇದರ ರಕ್ಷಣೆ ಗಾಡಿ ಕೈಗೆ ಬಂದವರಿಗೆ. ಮುಂಗಡ ಕಟ್ಟಿ ಕಾಯುತ್ತಿರುವವನ ಕೈಯಲ್ಲಿರುವುದು ಡೀಲರನೇ ಅಚ್ಚು ಹಾಕಿಸಿದ ಬುಕಿಂಗ್ ಫಾರಂ. ಗಾಡಿ ತಡೆದ ದಿನವೇ ಕಾರಣವನ್ನು ಬರಹದಲ್ಲಿ ಕೊಡಬೇಕು, ತಡೆದಷ್ಟು ದಿನದ ಸಾಲದ ಬಡ್ಡಿಯನ್ನು ಕಂಪನಿ ಭರಿಸಬೇಕು, ಬೇಡವೆಂದವನಿಗೆ ಮುಂಗಡವನ್ನು ಪೂರ್ತಿ ವಾಪಸ್ ಕೊಡಬೇಕು ಎಂಬ ಷರತ್ತುಗಳು ಅದೇ ಫಾರಂನಲ್ಲಿ ಅಚ್ಚಾಗಬೇಕು. ಬೆಳೆಗಾರರ ಸಂಘಗಳು ಡೀಲರನ ಮುಂದೆ ಗಾಡಿ ಬಿಡಿಸಿಕೊಳ್ಳಲು ಕೂರುವ ಬದಲು ಈ ಷರತ್ತುಗಳಿಗಾಗಿ ಕೂರಲಿ.