ವೀರಗಲ್ಲಿನ ಕೆಳಗೆ ಹಲ್ಲು ಹುಡುಕುವ ಮುನ್ನ

ಹೋದ ತಿಂಗಳು ಮಾಗಡಿ ಕಡೆಯ ಹೊಲವೊಂದರ ಬದುವಿನಲ್ಲಿದ್ದ ವೀರಗಲ್ಲಿನ ಫೋಟೊ ಗುಂಪಿಗೆ ಹಾಕಿದ್ದೆ. ಊರಿನ ಹೆಸರಿದ್ದ ಜಾಗ ಸವೆದುಹೋಗಿದೆ. "ಸರ್, ಕೆಳಗೆ ಅಗೆದ್ರೆ ಮೂಳೆ, ಹಲ್ಲು ಸಿಗಬಹುದು. ಸ್ಟ್ರಾಂಷಿಯಂ ಟೆಸ್ಟ್ ಮಾಡಿಸಿದ್ರೆ ವೀರ ಯಾವ ಊರಿನವನು ಅಂತ ಗೊತ್ತಾಗತ್ತಲ್ವಾ?" ಎಂದು ಒಬ್ಬರು ಕೇಳಿದರು. ಕೆಲವರು ಹೌದೆಂದರು. ತಪ್ಪು ನನ್ನದೂ ಇದೆ, ಈ ವಿದ್ಯೆಯನ್ನು ಹಿಂದೆ ಹೊಗಳಿ ಬರೆದವನು ನಾನೇ.

ತತ್ತ್ವ ಸರಳ. ರುಬಿಡಿಯಂ-87 ಕ್ಷಯಿಸಿ ಸ್ಟ್ರಾಂಷಿಯಂ-87 ಆಗುತ್ತದೆ, ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ. ಬಂಡೆ ಹಳತಾದಷ್ಟೂ, ರುಬಿಡಿಯಂ ಹೆಚ್ಚಿದ್ದಷ್ಟೂ ಸ್ಟ್ರಾಂಷಿಯಂ 87/86 ಅನುಪಾತ ಏರುತ್ತದೆ. ಬಂಡೆಯಿಂದ ಮಣ್ಣಿಗೆ, ಮಣ್ಣಿಂದ ಬೆಳೆಗೆ, ಅಲ್ಲಿಂದ ಕ್ಯಾಲ್ಸಿಯಂ ಜೊತೆ ಹಲ್ಲಿಗೆ. ಬಾಲ್ಯದಲ್ಲಿ ಕಟ್ಟಿಕೊಂಡ ಹಲ್ಲಿನ ಎನಾಮಲ್ ಆಮೇಲೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಹರಪ್ಪ ಮತ್ತು ಫರ್ಮಾನಾದ ಹಲ್ಲುಗಳಿಂದ ಸಿಂಧೂ ನಗರಗಳ ವಲಸೆಯನ್ನು 2015ರಲ್ಲಿ ಚರ್ಚಿಸಿದ್ದು ಹೀಗೇ.

ಆದರೆ ಹಲ್ಲಿನ ಸಂಖ್ಯೆಯನ್ನು ಹೋಲಿಸಲು ನಕ್ಷೆ ಬೇಕು. 2020ರಲ್ಲಿ ಬತಾಯ್ ಮತ್ತು ಸಂಗಡಿಗರು ಇಡೀ ಜಗತ್ತಿನ ನಕ್ಷೆ ಪ್ರಕಟಿಸಿದರು. ದೊಡ್ಡ ಕೆಲಸ, ಅನುಮಾನವಿಲ್ಲ. ಅಳತೆ ಇಲ್ಲದ ಕಡೆ ಕಂಪ್ಯೂಟರ್ ಭೂವಿಜ್ಞಾನ, ಧೂಳು, ಸಮುದ್ರದ ಉಪ್ಪು ಇತ್ಯಾದಿ ನೋಡಿ ಅಂದಾಜು ತುಂಬುತ್ತದೆ. ಯುರೋಪಿನ ಮಾದರಿಗಳು ಹೇರಳ, ನಮ್ಮವು ವಿರಳ. ಶಾಸನಪಾಠದಲ್ಲಿ ನಾವು ಊಹಿಸಿದ ಅಕ್ಷರವನ್ನು ಚೌಕ ಕಂಸದಲ್ಲಿ ಹಾಕ್ತೀವಿ. ಈ ನಕ್ಷೆಯ ಬಣ್ಣಗಳಲ್ಲಿ ಕಂಸವಿಲ್ಲ. ಲೇಖಕರು ಅನಿಶ್ಚಿತತೆಯ ನಕ್ಷೆಯನ್ನೂ ಕೊಟ್ಟಿದ್ದಾರೆ, ನಾವು ಹಂಚಿಕೊಳ್ಳೋದು ಮಾತ್ರ ಚೆಂದದ್ದನ್ನು!

ಈಗ ನಮ್ಮ ನೆಲಕ್ಕೆ ಬನ್ನಿ. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಊರಿಗೆ, ಊರಿನಿಂದ ಬಂಡೆಗೆ ಬಂದ ಹೆಸರು. ಸುಮಾರು 250 ಕೋಟಿ ವರ್ಷದ ಈ ಕ್ಲೋಸ್‌ಪೇಟೆ ಗ್ರಾನೈಟ್, ಕನಕಪುರದ ಕಬ್ಬಾಳುದುರ್ಗದ ಆಸುಪಾಸಿನಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದ, 20-30 ಕಿ.ಮೀ. ಅಗಲದ ಪಟ್ಟಿಯಾಗಿ ಚಾಚಿದೆ. ತೊಡಕು ಇಲ್ಲೇ. ರಾಮನಗರದಲ್ಲಿ ಬೆಳೆದವನ ಹಲ್ಲೂ, ಅದೇ ಪಟ್ಟಿಯ ಪಾವಗಡದಲ್ಲಿ ಬೆಳೆದವನ ಹಲ್ಲೂ ಒಂದೇ ತರಹದ ಸಂಖ್ಯೆ ಕೊಡಬಹುದು. ವಿಜಯಪುರದ ಬಸಾಲ್ಟ್ ನೆಲದಲ್ಲಿ ಬಾಲ್ಯ ಕಳೆದವನು ಇಲ್ಲಿ ಸತ್ತಿದ್ದರೆ ಬೇರೆಯಾಗಿ ಕಾಣಿಸಿಯಾನು, ಏಕೆಂದರೆ ಆ ಬಂಡೆ ಸುಮಾರು 6.6 ಕೋಟಿ ವರ್ಷದ್ದು, ಅನುಪಾತ ಕಡಿಮೆ. ಅಂದರೆ "ಇವನು ಇಲ್ಲಿಯವನಲ್ಲ" ಎನ್ನಲು ಈ ವಿಧಾನ ಗಟ್ಟಿ, "ಇಂಥ ಊರಿನವನು" ಎನ್ನಲು ಅಲ್ಲ.

ನಮ್ಮ ಕಡೆಗೆ ಒಂದು ಅನುಕೂಲವೂ ಇದೆ, ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಕ್ಯಾಲ್ಸಿಯಂ ಹೋದಲ್ಲಿ ಸ್ಟ್ರಾಂಷಿಯಂ ಹೋಗುವುದರಿಂದ, ಊರ ಹೊಲದ ಮುದ್ದೆ ತಿಂದವನ ಹಲ್ಲಿನಲ್ಲಿ ಊರ ನೆಲದ ಗುರುತು ಬಲವಾಗಿರಬೇಕು. ಆದರೆ ಆ ಗುರುತನ್ನು ಇವತ್ತಿನ ಹಿಪ್ಪುನೇರಳೆ ತೋಟದ ಎಲೆ ಕಿತ್ತು ಅಳೆಯಬಾರದು. ಫಾಸ್ಫೇಟ್ ಗೊಬ್ಬರವೂ ಸುಣ್ಣವೂ ಬೇರೆ ಕಡೆಯ ಸ್ಟ್ರಾಂಷಿಯಂ ತಂದು ಸುರಿದಿರುತ್ತವೆ. ಗೊಬ್ಬರ ಕಾಣದ ಗುಡ್ಡ, ದೇವರಕಾಡಿನ ಗಿಡಗಳೇ ಆಗಬೇಕು.

ಇನ್ನು ಮೂಲ ಪ್ರಶ್ನೆ. ವೀರಗಲ್ಲು ಸ್ಮಾರಕ, ಸಮಾಧಿಯೇ ಆಗಿರಬೇಕಿಲ್ಲ. ತುರುಗೊಳ್‌ನಲ್ಲಿ ಸತ್ತವನನ್ನು ಬೇರೆಡೆ ಸುಟ್ಟಿರಬಹುದು. ಪೂರ್ತಿ ಸುಟ್ಟ ಮೂಳೆಯೂ ಸ್ಟ್ರಾಂಷಿಯಂ ಉಳಿಸಿಕೊಳ್ಳುತ್ತದೆ ನಿಜ. ಸ್ಟೋನ್‌ಹೆಂಜ್‌ನಲ್ಲಿ ಸುಟ್ಟು ಹೂತ 25 ಜನರಲ್ಲಿ ಕನಿಷ್ಠ 10 ಮಂದಿ ತಮ್ಮ ಕೊನೆಯ ವರ್ಷಗಳನ್ನು ಅಲ್ಲಿ ಕಳೆದಿರಲಿಲ್ಲವೆಂದು 2018ರಲ್ಲಿ ತಿಳಿದದ್ದು ಹಾಗೆ. ಅವು ಉತ್ಖನನದಲ್ಲಿ ದಾಖಲಾದ ಅವಶೇಷಗಳು. ನಿಧಿಗಳ್ಳರು ಕಿತ್ತೆಸೆದ ಕಲ್ಲುಗಳನ್ನು ನೋಡಿ ಹೊಟ್ಟೆ ಉರಿಸಿಕೊಂಡವರು ನಾವು. ವಿಜ್ಞಾನದ ಹೆಸರಲ್ಲಿ ಅದೇ ಗುದ್ದಲಿ ಹಿಡಿದರೆ ಕಲ್ಲಿಗೇನು ವ್ಯತ್ಯಾಸ?

ಅಂದಹಾಗೆ, ಮೊನ್ನೆ ಸಂಜೆ ಓರೆ ಬೆಳಕಿನಲ್ಲಿ ಆ ಕಲ್ಲಿನ ಫೋಟೊ ಮತ್ತೆ ತೆಗೆದೆ. ಸವೆದ ಜಾಗದ ಕೊನೆಗೆ 'ಳ್ಳಿ' ಇದ್ದಂತಿದೆ. ಅದರ ಹಿಂದಿನದು 'ಪ'ನೋ 'ಹ'ನೋ, ನೋಡಿ ಹೇಳಿ. 'ಪ' ಆದರೆ ಕಲ್ಲಿನ ಕಾಲವನ್ನು ನಾನು ಹಾಕಿದ್ದಕ್ಕಿಂತ ಹಿಂದಕ್ಕೆ ಒಯ್ಯಬೇಕಾಗಬಹುದು.